ಪಾಠ ಕನ್ನಡ, ಚಿತ್ರ ಇಂಗ್ಲಿಷ್: ಇದೆಂಥ ನ್ಯಾಯ?

(ಭದ್ರಾವತಿಯ ಜನ್ನಾಪುರದಲ್ಲಿ ಸೇರಿದ್ದ ಕನ್ನಡ ಯುವಜನರ ಮುಂದೆ ಆಡಿದ ಮಾತುಗಳ ಪಾಠ)



ಕನ್ನಡದ ಸಭೆ ಎಂದರೆ ಬೋರ್ಡಿನ ಮಾತು, ಬಾವುಟದ ಮಾತು, ಉದ್ಯೋಗದ ಮಾತು, ರೈಲ್ವೆ ಪರೀಕ್ಷೆಯ ಮಾತು ಬರುತ್ತದೆ. ಬರಲಿ, ಬರಲೇಬೇಕು. ಇವತ್ತು ನಾನು ಯಾರೂ ಹೋರಾಟ ಮಾಡದ ಒಂದು ಜಾಗದ ಬಗ್ಗೆ ಮಾತಾಡುತ್ತೇನೆ. ಆ ಜಾಗ ಬಹಳ ಚಿಕ್ಕದು. ಪುಸ್ತಕದ ಪುಟದಲ್ಲಿ ಒಂದು ಚಿತ್ರ ಇರುತ್ತದಲ್ಲ, ಅದರೊಳಗೆ ಬಾಣದ ಗುರುತು ಹಾಕಿ ಭಾಗಗಳ ಹೆಸರು ಬರೆದಿರುತ್ತಾರಲ್ಲ, ಆ ಬೆರಳಗಲದ ಜಾಗ. ಅಲ್ಲಿ ಕನ್ನಡ ಇದೆಯೇ? ಇದ್ದರೆ ಸರಿಯಾಗಿದೆಯೇ? ಇದೇ ಇವತ್ತಿನ ಪ್ರಶ್ನೆ.

ನಿಮ್ಮದು ಕಬ್ಬಿಣದ ಊರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಂಡ ಕನಸು 1923ರಲ್ಲಿ ಇಲ್ಲಿ ಕೆಂಪಗೆ ಕರಗಿ ಹರಿಯಿತು. ನಿಮ್ಮದು ಕಾಗದದ ಊರೂ ಹೌದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಕಾಗದದ ಮೇಲೆ ಎಷ್ಟು ಕನ್ನಡ ಅಚ್ಚಾಗಿದೆಯೋ ಲೆಕ್ಕವಿಲ್ಲ. ಇಂದು ಆ ಕಾರ್ಖಾನೆಯ ಯಂತ್ರಗಳು ನಿಂತಿವೆ. ಆ ನೋವು ನಿಮಗೆ ನಾನು ಹೇಳಬೇಕಾದ್ದಲ್ಲ. ಇನ್ನೊಂದು ಮಾತು ನೆನಪಿಡಿ: ಇಲ್ಲಿ ಕಬ್ಬಿಣದ ಕಾರ್ಖಾನೆ ಆಗಬೇಕು ಎಂದ ವಿಶ್ವೇಶ್ವರಯ್ಯನವರ ಕಾಲದಲ್ಲೇ, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿತು. ಕೈಗಾರಿಕೆ ಬೇರೆ, ಕನ್ನಡ ಬೇರೆ ಎಂದು ಆ ತಲೆಮಾರು ಭಾವಿಸಲಿಲ್ಲ.

ಈಗ ನೋಡಿ. ಇಂಥ ಊರಿನ ಹುಡುಗ ಕಬ್ಬಿಣ ತೆಗೆಯುವ ಪಾಠ ಓದುತ್ತಾನೆ. ಪಾಠದಲ್ಲಿ 'ಊದುಕುಲುಮೆ' ಎಂದಿದೆ. 'ಅದಿರು', 'ಸುಣ್ಣದ ಕಲ್ಲು', 'ಕಿಟ್ಟ' ಎಂದಿದೆ. ಸರ್ಕಾರಿ ಶಾಲಾ ಪುಸ್ತಕದಲ್ಲಾದರೆ ಚಿತ್ರದಲ್ಲೂ ಬಹುಮಟ್ಟಿಗೆ ಕನ್ನಡವೇ ಇರುತ್ತದೆ, ಅದಕ್ಕೆ ಕೈಮುಗಿಯೋಣ. ಆದರೆ ಶಾಲೆಯ ಪುಸ್ತಕ ಮುಚ್ಚಿ ಹೊರಗೆ ಬನ್ನಿ. ಗೈಡು, ಕಾಲೇಜಿನ ನೋಟ್ಸು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ವಿಜ್ಞಾನದ ಲೇಖನ, ತರಗತಿಯ ಪರದೆಯ ಮೇಲಿನ ಪುಟ. ಮಾತೆಲ್ಲ ಕನ್ನಡ, ಚಿತ್ರ ಮಾತ್ರ ಎಲ್ಲಿಂದಲೋ ಎತ್ತಿ ತಂದದ್ದು. ಅದರೊಳಗೆ ಸ್ಲ್ಯಾಗ್, ಕೋಕ್, ಹಾಟ್ ಏರ್ ಎಂದು ಇಂಗ್ಲಿಷ್ ಅಕ್ಷರ. ಹುಡುಗನಿಗೆ 'ಕಿಟ್ಟ' ಗೊತ್ತು. ಚಿತ್ರದಲ್ಲಿ ಅದು ಯಾವುದು ಎಂದು ಗೊತ್ತಿಲ್ಲ. ಯಾರ ಅಜ್ಜ ಆ ಕುಲುಮೆಯ ಎದುರು ನಿಂತು ಬೆವರು ಸುರಿಸಿದನೋ, ಆ ಹುಡುಗ ಆ ಕುಲುಮೆಯ ಚಿತ್ರ ಓದಲಾರ! ಇದೆಂಥ ನ್ಯಾಯ?

ಇದು ಯಾರದೋ ಪಿತೂರಿ ಎಂದು ನಾನು ಕೂಗುವುದಿಲ್ಲ. ಕೂಗಿದರೆ ಚಪ್ಪಾಳೆ ಬೀಳುತ್ತದೆ, ಚಿತ್ರ ಬದಲಾಗುವುದಿಲ್ಲ. ಕಾರಣ ಸರಳ. ಪುಟವನ್ನು ಒಬ್ಬರು ಮಾಡುತ್ತಾರೆ, ಚಿತ್ರ ಬೇರೆ ಕಡೆ ಆಗಿರುತ್ತದೆ, ಕೊನೆಗೆ ತಂದು ಅಂಟಿಸುತ್ತಾರೆ. ಚಿತ್ರ ಹೊರಗೆ ಹುಟ್ಟಿ ಒಳಗೆ ಬರುವ ತನಕ ಕನ್ನಡ ಅದರ ಬಾಗಿಲಲ್ಲೇ ನಿಂತಿರುತ್ತದೆ. ಚಿತ್ರವನ್ನು ಪುಟದೊಳಗೇ ಬರೆದರೆ? ಪುಟ ಜೋಡಿಸುವ ಕನ್ನಡವೇ ಚಿತ್ರದೊಳಕ್ಕೂ ಹೋಗುತ್ತದೆ. ಹಾಗೆ ಬರೆಯಲು ದಾರಿ ಇದೆ, ಪುಕ್ಕಟೆಯಾಗಿ ಇದೆ, ನಾವು ನಡೆಯುತ್ತಿಲ್ಲ. ನಾನು ಹೇಳಲು ಬಂದದ್ದು ಇಷ್ಟೇ. ಉಳಿದದ್ದು ಇದರ ವಿವರ.

ಕಲ್ಲಚ್ಚಿನಲ್ಲಿ ಒಂದಾಗಿತ್ತು

ಸ್ವಲ್ಪ ಹಿಂದಕ್ಕೆ ಹೋಗೋಣ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಬಂತು. ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಅಕ್ಷರ ಬೇರೆ, ಚಿತ್ರ ಬೇರೆ ಎಂಬ ಭೇದ ಇಲ್ಲ. ಕೈಯಿಂದ ಏನು ಬರೆದರೂ ಕಲ್ಲು ಅದನ್ನು ಅಚ್ಚು ಒತ್ತುತ್ತದೆ. ಗೆರೆಯೂ ಕೈಯದೇ, ಅಕ್ಷರವೂ ಕೈಯದೇ.

ಆಮೇಲೆ ಸೀಸದ ಮೊಳೆಯ ಕಾಲ ಬಂತು. ಒತ್ತಕ್ಷರ, ಗುಣಿತ ಎಲ್ಲ ಸೇರಿ ಕನ್ನಡಕ್ಕೆ ನೂರಾರು ಮೊಳೆ ಬೇಕು. ಕಂಪೋಸಿಟರ್ ಒಂದೊಂದನ್ನೇ ಹೆಕ್ಕಿ ಸಾಲು ಕಟ್ಟಬೇಕು. ಮೊಳೆಯಲ್ಲಿ ಚಿತ್ರ ಬರುವುದಿಲ್ಲ. ಆದ್ದರಿಂದ ಚಿತ್ರ ಬ್ಲಾಕ್ ಮಾಡುವವನ ಕಡೆಗೆ ಹೋಯಿತು. ಕಲಾವಿದ ಬರೆದುಕೊಟ್ಟದ್ದನ್ನು ಸತುವಿನ ತಗಡಿನ ಮೇಲೆ ಕೊರೆದು, ಮರದ ತುಂಡಿಗೆ ಹೊಡೆದು, ಮೊಳೆಯ ಎತ್ತರಕ್ಕೆ ಸರಿಮಾಡಿ ಪುಟದಲ್ಲಿ ಕೂರಿಸುತ್ತಿದ್ದರು. ಚಿತ್ರದೊಳಗಿನ ಹೆಸರುಗಳನ್ನೂ ಕಲಾವಿದನೇ ಬರೆಯಬೇಕು. ಒಂದು ಅಕ್ಷರ ತಪ್ಪಿದರೆ ಮೊಳೆಯಂತೆ ಕಿತ್ತು ಬೇರೆ ಹಾಕುವಂತಿಲ್ಲ. ಬ್ಲಾಕನ್ನೇ ಹೊಸದಾಗಿ ಮಾಡಿಸಬೇಕು. ಅಷ್ಟು ಕಷ್ಟದಲ್ಲೂ ನಮ್ಮ ಹಿರಿಯರು ಕೈಬಿಡಲಿಲ್ಲ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ' ತಂದರು. ಇವತ್ತು ನಮ್ಮ ಜೇಬಿನ ಫೋನಿನಲ್ಲಿ ಇರುವ ಸೌಕರ್ಯದ ನೂರರಲ್ಲಿ ಒಂದು ಪಾಲೂ ಅವರಿಗೆ ಇರಲಿಲ್ಲ.

ಮೂರನೆಯದು ಡಿಟಿಪಿ ಕಾಲ. ಪೇಜ್‌ಮೇಕರ್ ಬಂತು, ಕೋರೆಲ್‌ಡ್ರಾ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಬೆರಳುಗಳಿಗೆ ಕನ್ನಡ ಕಲಿಸಿತು. ಇವರೆಲ್ಲರ ಋಣ ದೊಡ್ಡದು. ಆದರೆ ಅಂದಿನ ಫಾಂಟುಗಳಲ್ಲಿ ಒಂದು ತೊಡಕಿತ್ತು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗೆ ಇಟ್ಟಿದ್ದರು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 1991ರಲ್ಲೇ ಯೂನಿಕೋಡ್ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತ್ತು. ಆದರೂ ಎಷ್ಟೋ ಮುದ್ರಣಾಲಯಗಳಲ್ಲಿ ಹಳೆಯ ಬಾಡಿಗೆ ಮನೆಯೇ ಇಂದಿಗೂ ನಡೆದಿದೆ.

ಅಂಟಿಸಿದ ಚಿತ್ರದ ಮೂರು ರೋಗ

ಹೊರಗೆ ಮಾಡಿ ತಂದು ಅಂಟಿಸಿದ ಚಿತ್ರಕ್ಕೆ ಮೂರು ರೋಗ.

ಒಂದು, ನಾನು ಆಗಲೇ ಹೇಳಿದ ಇಂಗ್ಲಿಷ್ ರೋಗ.

ಎರಡು, ಒಡೆದ ಅಕ್ಷರದ ರೋಗ. ಚಿತ್ರ ಬಿಡಿಸುವ ಎಷ್ಟೋ ತಂತ್ರಾಂಶಗಳಿಗೆ ಕನ್ನಡದ ಒತ್ತು ತಿಳಿಯದು. 'ಕಬ್ಬಿಣ' ಎಂದು ಕೊಟ್ಟರೆ 'ಕಬ್‌ಬಿಣ' ಎಂದು ಬರುತ್ತದೆ. 'ಸುಣ್ಣದ ಕಲ್ಲು' ಹೋಗಿ 'ಸುಣ್‌ಣದ ಕಲ್‌ಲು' ಆಗುತ್ತದೆ. 'ಸ್ತ್ರೀ' ಎಂಬ ಒಂದು ಅಕ್ಷರದಲ್ಲಿ ಯೂನಿಕೋಡಿನ ಲೆಕ್ಕಕ್ಕೆ ಆರು ಸಂಕೇತಗಳಿವೆ. ಆ ಆರನ್ನೂ ಕೂಡಿಸಿ ಒಂದು ರೂಪ ಕಟ್ಟುವ ಕೆಲಸ ಬೇರೆ ಇದೆ. ಅದನ್ನು ಮಾಡುವ ಯಂತ್ರಾಂಗ ಆ ತಂತ್ರಾಂಶದಲ್ಲಿ ಇಲ್ಲದಿದ್ದರೆ ಕನ್ನಡ ಮೂಳೆ ಮುರಿದುಕೊಂಡು ಬಿದ್ದಿರುತ್ತದೆ. 'ವಿಕರ್ಣ' ನೋಡಿ. ಅರ್ಕಾವತ್ತು ಬರೆಯುವಾಗ ಮೊದಲು, ಕಾಣುವಾಗ ಕೊನೆಗೆ. ಅದು ಗೊತ್ತಿಲ್ಲದ ಯಂತ್ರ 'ವಿಕರ್‌ಣ' ಎಂದು ಕೂರಿಸುತ್ತದೆ. ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹುವಿಗೇ ಈ ಗತಿ!

ಮೂರು, ಕುಗ್ಗುವ ರೋಗ. ದೊಡ್ಡ ಚಿತ್ರವನ್ನು ಪುಟದ ಅಗಲಕ್ಕೆ ಕುಗ್ಗಿಸಿದಾಗ ಒಳಗಿನ ಅಕ್ಷರವೂ ಕುಗ್ಗುತ್ತದೆ. ಇಂಗ್ಲಿಷ್ ಅಕ್ಷರ ಕುಗ್ಗಿದರೂ ಹೇಗೋ ಓದಬಹುದು. ಕನ್ನಡದ ಒತ್ತಕ್ಷರ ಮೊದಲೇ ಸಾಲಿನ ಕೆಳಗೆ ಚಿಕ್ಕದಾಗಿ ಕೂತಿರುತ್ತದೆ. ಇನ್ನೂ ಕುಗ್ಗಿದರೆ ಇರುವೆಯಾಗುತ್ತದೆ.

ಈ ಮೂರಕ್ಕೂ ಮದ್ದು ಒಂದೇ. ಚಿತ್ರವನ್ನು ಪುಟದೊಳಗೇ ಬರೆಯುವುದು.

ಬರೆದ ಚಿತ್ರ ಎಂದರೇನು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕನೂತ್ ಎಂಬ ಗಣಿತ ಬಲ್ಲ ಕಂಪ್ಯೂಟರ್ ಪ್ರೊಫೆಸರ್ ಇದ್ದರು. 1977ರಲ್ಲಿ ತಮ್ಮದೇ ಪುಸ್ತಕದ ಹೊಸ ಮುದ್ರಣದ ಕರಡು ನೋಡಿ ಅವರಿಗೆ ಬೇಸರವಾಯಿತು. ಗಣಿತ ಅಷ್ಟು ಅಸಹ್ಯವಾಗಿ ಜೋಡಣೆಯಾಗಿತ್ತು. ಬೈದು ಸುಮ್ಮನಾಗುವ ಬದಲು ಪುಟ ಜೋಡಿಸುವ ತಂತ್ರಾಂಶವನ್ನೇ ಬರೆಯಲು ಕೂತರು. ಅದೇ 'ಟೆಕ್'. ಬರೆದು ಮುಗಿಸಿ ಲೋಕಕ್ಕೆ ಪುಕ್ಕಟೆ ಕೊಟ್ಟರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು 'ಲೇಟೆಕ್'. ಲೋಕದ ಗಣಿತ, ಭೌತಶಾಸ್ತ್ರದ ಪುಸ್ತಕಗಳಲ್ಲಿ ಬಹುಪಾಲು ಇವತ್ತು ಇದರಲ್ಲೇ ಆಗುತ್ತವೆ.

ಟೆಕ್‌ನಲ್ಲಿ ಕೆಲಸ ಮಾಡುವವನು ಇಲಿ ಹಿಡಿದು ಎಳೆದಾಡುವುದಿಲ್ಲ. ಏನು ಬೇಕೆಂದು ಬರೆಯುತ್ತಾನೆ. 'ಇದು ಅಧ್ಯಾಯದ ಹೆಸರು, ಇದು ಸೂತ್ರ, ಇದು ಅಡಿಟಿಪ್ಪಣಿ' ಎಂದು ಬರೆದರೆ ಯಂತ್ರ ಪುಟ ಕಟ್ಟಿಕೊಡುತ್ತದೆ. ಹಾಗಾದರೆ ಚಿತ್ರ? ಕನೂತ್ ಅವರ ಟೆಕ್‌ಗೆ ಚಿತ್ರ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಪೆಟ್ಟಿಗೆಗಳು ಮತ್ತು ಅವುಗಳ ನಡುವಿನ ತೆರಪು. ಒಂದೊಂದು ಅಕ್ಷರವೂ ಅದಕ್ಕೆ ಒಂದು ಪೆಟ್ಟಿಗೆ. ಆದರೂ ಅವರು ಒಂದು ಕಿಟಕಿ ಇಟ್ಟಿದ್ದರು. 'ಸ್ಪೆಷಲ್' ಎಂಬ ಆ ಆಜ್ಞೆಯ ಮೂಲಕ ಏನನ್ನು ಕಳಿಸಿದರೂ ಟೆಕ್ ಅದನ್ನು ಮುಟ್ಟದೆ ಮುದ್ರಣ ಯಂತ್ರದ ಕಡೆಗೆ ದಾಟಿಸುತ್ತದೆ. ಆ ಕಿಟಕಿಯಿಂದಲೇ ಚಿತ್ರಗಳು ಒಳಗೆ ಬಂದವು.

ಕನೂತ್ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಅಕ್ಷರದ ಆಕಾರವನ್ನೇ ಪ್ರೋಗ್ರಾಂ ಬರೆದು ಬಿಡಿಸುವ 'ಮೆಟಾಫಾಂಟ್'. ಅಂದರೆ ಅಕ್ಷರವೂ ಒಂದು ಬರೆದ ಚಿತ್ರವೇ. ಅದನ್ನೇ ಮುಂದುವರಿಸಿ ಬೆಲ್ ಲ್ಯಾಬ್ಸ್‌ನ ಜಾನ್ ಹಾಬಿ ಚಿತ್ರ ಬಿಡಿಸುವ 'ಮೆಟಾಪೋಸ್ಟ್' ಮಾಡಿದರು. 2000ದ ದಶಕದಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ ಮೂರು ಆಯಾಮದ ಆಕೃತಿಗಳನ್ನೂ ಬಿಡಿಸುವ 'ಅಸಿಂಪ್ಟೋಟ್' ಬಂತು. ಜರ್ಮನಿಯ ಟಿಲ್ ಟಾಂಟಾವ್ 'ಟಿಕ್ಝ್' ಕೊಟ್ಟರು. ಆ ಹೆಸರಿನ ಜರ್ಮನ್ ವಿಸ್ತರಣೆಯ ಅರ್ಥವೇ ತಮಾಷೆ: 'ಟಿಕ್ಝ್ ಚಿತ್ರ ಬಿಡಿಸುವ ತಂತ್ರಾಂಶವಲ್ಲ'. ನಿಜ. ಅದರಲ್ಲಿ ಬಿಡಿಸುವುದಿಲ್ಲ, ಬರೆಯುತ್ತೇವೆ.

ಪ್ರೋಗ್ರಾಂ ಬರೆದು ಚಿತ್ರ ಬಿಡಿಸುವುದು ಎಂದ ಕೂಡಲೇ ಹೆದರಬೇಡಿ. ನಿಮ್ಮ ಅಮ್ಮ, ಅಕ್ಕ ಇದನ್ನು ಬಾಗಿಲಲ್ಲಿ ದಿನಾ ಮಾಡುತ್ತಾರೆ. ರಂಗೋಲಿ ಪುಸ್ತಕದಲ್ಲಿ '11ರಿಂದ 1, ಸಂದು ಚುಕ್ಕಿ' ಎಂದು ಒಂದು ಸಾಲು ಇರುತ್ತದೆ. ಅಷ್ಟು ಓದಿದರೆ ಚುಕ್ಕಿ ಎಲ್ಲೆಲ್ಲಿ ಇಡಬೇಕೆಂದು ಅವರಿಗೆ ಗೊತ್ತು. ಅದು ಪ್ರೋಗ್ರಾಮೇ. ಮದರಾಸಿನಲ್ಲಿ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1970ರ ದಶಕದಲ್ಲೇ ತಮಿಳರ ಕೋಲಂ ಹಿಡಿದು ಅದರ ವ್ಯಾಕರಣವನ್ನು ಕಂಪ್ಯೂಟರ್ ಶಾಸ್ತ್ರದ ಭಾಷೆಯಲ್ಲಿ ಬರೆದರು. ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯಲು ಹೇಳುವುದು. ಟಿಕ್ಝ್ ಎಂದರೂ ಇಷ್ಟೇ.

ಭದ್ರಾವತಿಯ ಕುಲುಮೆ

ಈಗ ನಿಮ್ಮ ಕುಲುಮೆಯನ್ನೇ ಬರೆಯೋಣ. ಊದುಕುಲುಮೆಗೂ ಕಂಠ ಉಂಟು, ಹೊಟ್ಟೆ ಉಂಟು, ತಳ ಉಂಟು. ನಡುವೆ ಒಂದು ನೆಟ್ಟಗಿನ ಗೆರೆ ಊಹಿಸಿಕೊಳ್ಳಿ. ಬಲಗೋಡೆಗೆ ನಾಲ್ಕು ಚುಕ್ಕಿ ಸಾಕು. ಕಂಠ: ನಡುಗೆರೆಯಿಂದ 1, ಎತ್ತರ 8. ಹೊಟ್ಟೆ: ನಡುಗೆರೆಯಿಂದ 2, ಎತ್ತರ 3. ಹೊಟ್ಟೆಯ ಕೆಳಗೆ ಮತ್ತೆ ಕಿರಿದಾಗುವ ಜಾಗ: 1.4, ಎತ್ತರ 1.5. ತಳ: 1.4, ಎತ್ತರ 0. ಈ ನಾಲ್ಕನ್ನೂ ಗೆರೆಯಿಂದ ಕೂಡಿಸು ಎಂದು ಒಂದು ಸಾಲು. ಎಡಗೋಡೆ? ಅಳತೆಗಳನ್ನು ಇನ್ನೊಮ್ಮೆ ಬರೆಯಬೇಕಿಲ್ಲ. 'ಇದನ್ನೇ ಕನ್ನಡಿಯಲ್ಲಿ ತೋರಿಸು' ಎಂದು ಹೇಳಿದರೆ ಆಯಿತು. ಬಲಗೋಡೆ ತಿದ್ದಿದರೆ ಎಡಗೋಡೆ ತಾನೇ ತಿದ್ದುತ್ತದೆ.

ಆಮೇಲೆ ಹೆಸರುಗಳು. ಮೇಲಿನಿಂದ ಒಳಗೆ ಹೋಗುವುದು ಅದಿರು, ಸುಣ್ಣದ ಕಲ್ಲು, ಉರುವಲು. ಕೆಳಗಿನಿಂದ ನುಗ್ಗುವುದು ಬಿಸಿಗಾಳಿ. ತಳದಲ್ಲಿ ಕರಗಿದ ಬೀಡು ಕಬ್ಬಿಣ, ಅದರ ಮೇಲೆ ತೇಲುವ ಕಿಟ್ಟ. ಕಿಟ್ಟ ಹಗುರ, ಆದ್ದರಿಂದ ಅದರ ಕಿಂಡಿ ಮೇಲೆ, ಕಬ್ಬಿಣದ ಕಿಂಡಿ ಕೆಳಗೆ. ಯಾರಾದರೂ ಅದಲುಬದಲು ಮಾಡಿದ್ದರೆ ಎತ್ತರದ ಒಂದು ಅಂಕೆ ತಿದ್ದಿದರೆ ಮುಗಿಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊರಗಿನ ಪುಸ್ತಕದ ಚಿತ್ರದಲ್ಲಿ ಉರುವಲಿನ ಜಾಗದಲ್ಲಿ 'ಕೋಕ್' ಎಂದಿರುತ್ತದೆ. ಭದ್ರಾವತಿಯಲ್ಲಿ ಮೊದಲು ಉರಿದದ್ದು ಏನು? ಇದ್ದಿಲು. ಮಲೆನಾಡಿನ ಕಾಡಿನ ಮರದಿಂದ ಮಾಡಿದ ಇದ್ದಿಲು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು: ಇದು ನಿಮ್ಮ ಕುಲುಮೆಯ ಕಥೆ. ಹೊರಗಿನಿಂದ ತಂದು ಅಂಟಿಸಿದ ಚಿತ್ರದಲ್ಲಿ 'ಕೋಕ್' ತೆಗೆದು 'ಇದ್ದಿಲು' ಹಾಕಲು ಸಾಧ್ಯವೇ? ಅಳಿಸಿ, ಬಿಳಿ ಬಣ್ಣ ಬಳಿದು, ಮೇಲೆ ಅಕ್ಷರ ಕೂರಿಸಬೇಕು. ಯಾರೂ ಮಾಡುವುದಿಲ್ಲ. ಹಾಗಾಗಿ ಭದ್ರಾವತಿಯ ಹುಡುಗ ಬೇರೆ ಊರಿನ ಕುಲುಮೆಯನ್ನು ಓದುತ್ತಾನೆ, ತನ್ನ ಊರಿನದನ್ನು ಮರೆಯುತ್ತಾನೆ. ಬರೆದ ಚಿತ್ರದಲ್ಲಾದರೆ ಒಂದು ಪದ ಬದಲಿಸಿದರೆ ಸಾಕು. ಚಿತ್ರದೊಳಗಿನ ಮಾತು ನಮ್ಮ ಕೈಯಲ್ಲಿ ಇರುವುದು ಎಂದರೆ ಇದು.

ಒತ್ತಕ್ಷರದ ಉಪದ್ರವ ಹೇಗೆ ಹೋಗುತ್ತದೆ?

ಟಿಕ್ಝ್ ಚಿತ್ರದೊಳಗಿನ ಹೆಸರನ್ನು ಜೋಡಿಸುವುದು ಟಿಕ್ಝ್ ಅಲ್ಲ, ಸಾಕ್ಷಾತ್ ಟೆಕ್. ಪುಟದ ಸಾಲನ್ನು ಯಾರು ಕಟ್ಟುತ್ತಾರೋ ಅವರೇ ಚಿತ್ರದ ಹೆಸರನ್ನೂ ಕಟ್ಟುತ್ತಾರೆ. ಹಾಗಾದರೆ ಟೆಕ್‌ಗೆ ಕನ್ನಡ ಬರುತ್ತದೆಯೇ?

ಹಳೆಯ ಟೆಕ್‌ಗೆ ನೇರವಾಗಿ ಬರುತ್ತಿರಲಿಲ್ಲ. ಆದರೂ ನಮ್ಮವರು ಸುಮ್ಮನೆ ಕೂರಲಿಲ್ಲ. ಗಣಿತಜ್ಞ ಸಿ.ಎಸ್. ಯೋಗಾನಂದ ಅವರು ಶ್ರೀರಂಗಪಟ್ಟಣದಲ್ಲಿ ಕಟ್ಟಿದ ಶ್ರೀರಂಗ ಡಿಜಿಟಲ್ ಸಂಸ್ಥೆ ಟೆಕ್ ಬಳಸಿ ಕನ್ನಡ ಪುಟ ಜೋಡಿಸಿ ತೋರಿಸಿತು. ಸಕ್ಕರೆ ಕಬ್ಬಿನ ನಾಡಿನಲ್ಲಿ ಕೂತು ಮಾಡಿದ ಕೆಲಸ ಅದು, ಸಿಲಿಕಾನ್ ಕಣಿವೆಯಲ್ಲಿ ಅಲ್ಲ.

2004ರಲ್ಲಿ ಜೊನಾಥನ್ ಕ್ಯೂ ಅವರ 'ಝೀಟೆಕ್' ಬಂದ ಮೇಲೆ ದಾರಿ ಸಲೀಸಾಯಿತು. ಅದು ಯೂನಿಕೋಡ್ ಕನ್ನಡವನ್ನು ನೇರ ಓದುತ್ತದೆ. ಒತ್ತು, ಗುಣಿತ, ಅರ್ಕಾವತ್ತು ಕಟ್ಟಲು ಅದರೊಳಗೆ ಈಗ 'ಹಾರ್ಫ್‌ಬಜ್' ಎಂಬ ಯಂತ್ರಾಂಗ ಇದೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುವುದೂ ಅದರಿಂದಲೇ. ಲೋಹಿತ್, ನೋಟೊ, ಗುಬ್ಬಿ, ನವಿಲು ಇಂಥ ಉಚಿತ ಫಾಂಟುಗಳಲ್ಲಿ ಒಂದನ್ನು ಇಟ್ಟುಕೊಂಡರೆ ಪುಟದಲ್ಲಿ 'ವಿಕರ್ಣ' ಹೇಗೆ ಬರುತ್ತದೋ ತ್ರಿಭುಜದ ಪಕ್ಕದಲ್ಲೂ ಹಾಗೇ ಬರುತ್ತದೆ.

ಮೆಟಾಪೋಸ್ಟ್, ಅಸಿಂಪ್ಟೋಟ್ ಬಳಸುವವರಿಗೂ ದಾರಿ ಇದೆ. ಮೆಟಾಪೋಸ್ಟ್ ಈಗ 'ಲುವಾಟೆಕ್' ಎಂಬ ಇನ್ನೊಂದು ಟೆಕ್‌ನ ಹೊಟ್ಟೆಯೊಳಗೇ ಕೂತಿದೆ. ಅಸಿಂಪ್ಟೋಟ್‌ನದು ಮೂರು ಸುತ್ತಿನ ಕೆಲಸ. ಮೊದಲ ಸುತ್ತಿನಲ್ಲಿ ಲೇಟೆಕ್ ಓಡಿ ಚಿತ್ರದ ಪಾಠವನ್ನು ಬೇರೆ ಕಡತಕ್ಕೆ ಇಳಿಸುತ್ತದೆ. ಎರಡನೆಯದರಲ್ಲಿ ಅಸಿಂಪ್ಟೋಟ್ ಚಿತ್ರ ಮಾಡುತ್ತದೆ. ಮೂರನೆಯದರಲ್ಲಿ ಲೇಟೆಕ್ ಮತ್ತೆ ಓಡಿ ಅದನ್ನು ಪುಟದಲ್ಲಿ ಕೂರಿಸುತ್ತದೆ. ಹೆಸರುಗಳನ್ನು ಜೋಡಿಸಲು ಅದೂ ಟೆಕ್‌ನ ಮೊರೆ ಹೋಗುತ್ತದೆ. 'ಝೀಲೇಟೆಕ್‌ನಲ್ಲೇ ಜೋಡಿಸು' ಎಂದು ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಕನ್ನಡ ಬರುವುದಿಲ್ಲ.

ಕುಗ್ಗುವ ರೋಗಕ್ಕೂ ಮದ್ದು ಇಲ್ಲೇ ಇದೆ. ಟಿಕ್ಝ್ ಚಿತ್ರವನ್ನು ಅರ್ಧಕ್ಕೆ ಇಳಿಸು ಎಂದರೆ ಗೆರೆಗಳ ಉದ್ದ ಅರ್ಧವಾಗುತ್ತದೆ. ಹೆಸರಿನ ಅಕ್ಷರ ಮಾತ್ರ ಇದ್ದ ಗಾತ್ರದಲ್ಲೇ ನಿಲ್ಲುತ್ತದೆ. ನೀವಾಗಿ ಕೇಳಿದರೆ ಮಾತ್ರ ಅದು ಕುಗ್ಗುವುದು. ಇಂಗ್ಲಿಷಿನವರಿಗೆ ಇದು ಒಂದು ಅನುಕೂಲ. ಒತ್ತಕ್ಷರದ ಕನ್ನಡಕ್ಕೆ ಇದು ಪ್ರಾಣ.

ಒಂದು ಎಚ್ಚರಿಕೆ. 'ಅದಿರು' ಎಂಬ ಪದಕ್ಕೆ ಕೆಳಗೆ ಒತ್ತಿಲ್ಲ, 'ಕಿಟ್ಟ' ಎಂಬುದಕ್ಕೆ ಇದೆ. ಟೆಕ್ ಎರಡಕ್ಕೂ ಬೇರೆ ಬೇರೆ ಆಳದ ಪೆಟ್ಟಿಗೆ ಕಟ್ಟುತ್ತದೆ. ಎರಡನ್ನೂ ಪಕ್ಕಪಕ್ಕ ನಡುವಿಗೆ ಕೂರಿಸಿದರೆ ಒಂದು ಮೇಲೆ, ಒಂದು ಕೆಳಗೆ ಕಾಣುತ್ತದೆ. ಎಲ್ಲ ಹೆಸರಿಗೂ ಒಂದೇ ಎತ್ತರ, ಒಂದೇ ಆಳ ಎಂದು ಮೊದಲೇ ಗೊತ್ತುಮಾಡಿ ಇಟ್ಟರೆ ಸಾಲು ನೆಟ್ಟಗಾಗುತ್ತದೆ. ಇಂಥ ಸಣ್ಣ ಸಂಗತಿಗಳು ಇಂಗ್ಲಿಷ್ ಕೈಪಿಡಿಯಲ್ಲಿ ಒತ್ತಿ ಹೇಳಿರುವುದಿಲ್ಲ, ಏಕೆಂದರೆ ಅವರಿಗೆ ಒತ್ತು ಇಲ್ಲ. ಕನ್ನಡದಲ್ಲಿ ಮಾಡಿದವರೇ ಕನ್ನಡದಲ್ಲಿ ಬರೆದಿಡಬೇಕು.

ನಿಮ್ಮ ಆಕ್ಷೇಪಗಳು

'ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲೇ ಇವೆಯಲ್ಲ ಸಾರ್?' ಎಂದು ಕೇಳುತ್ತೀರಿ. ಹೌದು, ಇವೆ. 'ಗೆರೆ ಎಳೆ' ಎನ್ನಲು 'ಡ್ರಾ' ಎಂದೇ ಬರೆಯಬೇಕು. ಅಂಥ ಹತ್ತಿಪ್ಪತ್ತು ಪದ ಕಲಿತರೆ ಕೆಲಸ ಶುರುವಾಗುತ್ತದೆ. ಆದರೆ ಚಿತ್ರದೊಳಗಿನ ಬಿಂದುಗಳಿಗೆ, ಶೈಲಿಗಳಿಗೆ ನೀವು ಇಡುವ ಹೆಸರು ಕನ್ನಡದಲ್ಲೇ ಇರಬಹುದು. 'ಅದಿರು' ಎಂಬ ಪೆಟ್ಟಿಗೆಯಿಂದ 'ಕುಲುಮೆ' ಎಂಬ ಪೆಟ್ಟಿಗೆಗೆ ಬಾಣ ಎಳೆ ಎಂದು ಆ ಎರಡು ಹೆಸರನ್ನೂ ಕನ್ನಡದಲ್ಲೇ ಬರೆದರೆ ಝೀಟೆಕ್ ತಕರಾರು ಮಾಡುವುದಿಲ್ಲ. ನಾಳೆ ಇನ್ನೊಬ್ಬ ಮೇಷ್ಟ್ರು ಅದನ್ನು ತೆರೆದಾಗ ಓದಿ ಅರ್ಥಮಾಡಿಕೊಳ್ಳಬಹುದು.

'ಎಲ್ಲ ಚಿತ್ರವನ್ನೂ ಹೀಗೆ ಬರೆಯಬಹುದೇ?' ಬರೆಯಬಾರದು. ಮಂಗಟ್ಟೆ ಹಕ್ಕಿಯ ಚಿತ್ರ ಬೇಕಾ? ಕಲಾವಿದನನ್ನು ಕರೆಯಿರಿ, ಅವನಿಗೆ ದುಡ್ಡು ಕೊಡಿ. ಮುಖ, ಹೂವು, ಕಾಡು ಇವು ಕೈಗೆ ಸೇರಿದ್ದು, ಕ್ಯಾಮೆರಾಕ್ಕೆ ಸೇರಿದ್ದು. ಜ್ಯಾಮಿತಿ, ವಿದ್ಯುತ್ ಮಂಡಲ, ನಕ್ಷೆ, ಅಂಕಿ-ಅಂಶದ ಗ್ರಾಫು, ಯಂತ್ರದ ಅಡ್ಡಕೊಯ್ತ ಇಂಥವು, ಅಳತೆಯಿಂದ ಹುಟ್ಟುವ ಚಿತ್ರಗಳು, ಪ್ರೋಗ್ರಾಮಿಗೆ ಸೇರಿದ್ದು. ವಿಜ್ಞಾನ, ಗಣಿತ, ಅರ್ಥಶಾಸ್ತ್ರದ ಪುಸ್ತಕದಲ್ಲಿ ಇಂಥವೇ ಹೆಚ್ಚು.

'ಈಗ ಎಐ ಇದೆಯಲ್ಲ, ಅದೇ ಬಿಡಿಸಿಕೊಡುತ್ತದೆ' ಎನ್ನುವವರೂ ಇದ್ದೀರಿ. ಅದು ಬಿಡಿಸಿಕೊಟ್ಟ ಚಿತ್ರದಲ್ಲಿ ಕಿಟ್ಟದ ಕಿಂಡಿ ತಪ್ಪು ಜಾಗದಲ್ಲಿದ್ದರೆ ನೀವು ಎಲ್ಲಿ ತಿದ್ದುತ್ತೀರಿ? ಅದೇ ಎಐಗೆ ಚಿತ್ರ ಬೇಡ, ಚಿತ್ರದ ಪ್ರೋಗ್ರಾಂ ಬರೆದುಕೊಡು ಎನ್ನಿ. ಆಗ ಸಾಲು ಸಾಲಾಗಿ ಓದಬಹುದು, ತಪ್ಪು ಹಿಡಿಯಬಹುದು, ತಿದ್ದಬಹುದು. ಓದಲು ಬಾರದವನ ಕೈಯಲ್ಲಿ ಯಾವ ಯಂತ್ರವೂ ಯಜಮಾನನೇ.

'ಪಕ್ಕದವರು ಯಾರಾದರೂ ಮಾಡಿದ್ದಾರಾ?' ಮಾಡಿದ್ದಾರೆ. ಕೇರಳದ ಸಂತೋಷ್ ತೊಟ್ಟಿಂಗಲ್ 'ನೂಪುರಂ' ಎಂಬ ಮಲಯಾಳಂ ಫಾಂಟನ್ನು ಮೆಟಾಪೋಸ್ಟ್‌ನಲ್ಲಿ ಪ್ರೋಗ್ರಾಂ ಬರೆದು ಬಿಡಿಸಿದರು, 2023ರಲ್ಲಿ ಉಚಿತವಾಗಿ ಬಿಟ್ಟರು. ದಪ್ಪ ಬೇಕೆ, ತೆಳು ಬೇಕೆ, ಅಂಕೆ ಬದಲಿಸಿದರೆ ಅಕ್ಷರ ಬದಲಾಗುತ್ತದೆ. ಮಲಯಾಳಿಗಳನ್ನು ನೋಡಿ ಹೊಟ್ಟೆಕಿಚ್ಚು ಪಡುವುದು ಬೇಡ, ಕಲಿಯೋಣ. ಅವರ ಲಿಪಿಯೂ ನಮ್ಮ ಲಿಪಿಯಷ್ಟೇ ಕಷ್ಟದ ಲಿಪಿ.

ಏನು ಮಾಡೋಣ?

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಬಹುದು ಎಂದಿತು. ಬಾಗಿಲು ತೆರೆಯಿತು ಎಂದು ನಾವು ಪಟಾಕಿ ಹೊಡೆದೆವು. ಎಂಜಿನಿಯರಿಂಗ್ ಪುಸ್ತಕ ಎಂದರೆ ಅರ್ಧ ಚಿತ್ರ. ಮಾತನ್ನು ಅನುವಾದ ಮಾಡಿ, ಚಿತ್ರವನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ಅದು ಅರ್ಧ ಕನ್ನಡ. ಅರ್ಧ ಕನ್ನಡದಲ್ಲಿ ಓದಿದವನು 'ಇದಕ್ಕಿಂತ ಇಂಗ್ಲಿಷೇ ಮೇಲು' ಎನ್ನುತ್ತಾನೆ, ಆಗ ಕನ್ನಡದಲ್ಲಿ ಎಂಜಿನಿಯರಿಂಗ್ ಆಗುವುದಿಲ್ಲ ಎಂದು ತೀರ್ಪು ಬರುತ್ತದೆ. ಆ ತೀರ್ಪು ಬರುವ ಮುಂಚೆ ನಾವು ಚಿತ್ರಗಳನ್ನು ಸಿದ್ಧ ಮಾಡಿಟ್ಟಿರಬೇಕು.

ನಾನು ದೊಡ್ಡ ಯೋಜನೆ ಹೇಳುವುದಿಲ್ಲ. ಜನ್ನಾಪುರದ ಮೂರು ಜನ ಸೇರಿ. ಒಬ್ಬರಿಗೆ ಕಂಪ್ಯೂಟರ್ ಗೊತ್ತಿರಲಿ. ಒಬ್ಬರಿಗೆ ವಿಷಯ ಗೊತ್ತಿರಲಿ. ಈ ಊರಿನಲ್ಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರಿಗೆ ಏನು ಕಮ್ಮಿ? ಅವರ ಬಾಯಲ್ಲಿರುವ ಪದಗಳು ಯಾವ ನಿಘಂಟಿನಲ್ಲಿವೆ? ಅವರು ಹೋದರೆ ಆ ಪದಗಳೂ ಹೋಗುತ್ತವೆ. ಮೂರನೆಯವರಿಗೆ ಕಾಗುಣಿತ ಸರಿಯಾಗಿ ಗೊತ್ತಿರಲಿ. ಮೂವರೂ ಸೇರಿ ಹತ್ತು ಚಿತ್ರ ಬರೆಯಿರಿ. ಊದುಕುಲುಮೆ ಒಂದು. ಕಾಗದ ಮಾಡುವ ಕ್ರಮ ಇನ್ನೊಂದು. ಭದ್ರಾ ಜಲಾಶಯದ ಅಡ್ಡಕೊಯ್ತ, ಪೈಥಾಗೊರಸ್ ಪ್ರಮೇಯ, ವಿದ್ಯುತ್ ಮಂಡಲ, ಹೀಗೆ.

ಎರಡು ನಿಯಮ ಇಟ್ಟುಕೊಳ್ಳಿ. ಚಿತ್ರದ ಗೆರೆಗಳು ಒಂದು ಕಡತದಲ್ಲಿ ಇರಲಿ, ಹೆಸರುಗಳು ಇನ್ನೊಂದರಲ್ಲಿ. ಆಗ ಕಲಬುರಗಿಯ ಮೇಷ್ಟ್ರು ತಮ್ಮ ಕಡೆಯ ಪದ ಹಾಕಿಕೊಳ್ಳಬಹುದು, ಕಾಸರಗೋಡಿನ ಕನ್ನಡ ಶಾಲೆಯವರು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಅದೇ ಗೆರೆಗಳ ಮೇಲೆ ತುಳು, ಕೊಂಕಣಿ, ಕೊಡವ ಹೆಸರುಗಳೂ ಬರಬಹುದು. ಎರಡನೆಯದು, ಸಿದ್ಧ ಚಿತ್ರವನ್ನು ಮಾತ್ರ ಹಂಚಬೇಡಿ. ಅದರ ಮೂಲ ಬರಹವನ್ನೂ ಹಂಚಿ. ಯಾರು ಬೇಕಾದರೂ ಬಳಸಿ, ತಿದ್ದಿ, ಹೆಸರು ಹೇಳಿದರೆ ಸಾಕು ಎಂದು ಮೇಲೆ ಬರೆದು ಹಂಚಿ. ಚಿತ್ರ ಮಾತ್ರ ಕೊಟ್ಟರೆ ಒಬ್ಬರು ನೋಡುತ್ತಾರೆ. ಮೂಲ ಕೊಟ್ಟರೆ ಇನ್ನೊಬ್ಬರು ಮುಂದುವರಿಸುತ್ತಾರೆ.

ಖರ್ಚು ಎಷ್ಟು? 'ಟೆಕ್ ಲೈವ್' ಎಂಬ ಪೂರ್ತಿ ಕಟ್ಟು ಪುಕ್ಕಟೆ. ಫಾಂಟ್ ಪುಕ್ಕಟೆ. ಹಳೆಯ ಕಂಪ್ಯೂಟರ್ ಆದರೂ ನಡೆಯುತ್ತದೆ. ಕೊಡಬೇಕಾದದ್ದು ನಿಮ್ಮ ಭಾನುವಾರಗಳು. ಮೊದಲ ಭಾನುವಾರ ಒಂದು ತ್ರಿಭುಜ ಬರೆದು 'ಲಂಬ', 'ಪಾದ', 'ವಿಕರ್ಣ' ಎಂದು ಹೆಸರಿಡಿ. 'ವಿಕರ್ಣ'ದ ಅರ್ಕಾವತ್ತು ಸರಿಯಾಗಿ ಕೂತಿದೆಯೇ ನೋಡಿ. ಕೂತಿದ್ದರೆ ಎರಡನೆಯ ಭಾನುವಾರಕ್ಕೆ ವೃತ್ತ, ತ್ರಿಜ್ಯ, ವ್ಯಾಸ. ಯುಗಾದಿಗೆ ಶುರು ಮಾಡಿದರೆ ರಾಜ್ಯೋತ್ಸವದ ಹೊತ್ತಿಗೆ ಕುಲುಮೆ ನಿಲ್ಲುತ್ತದೆ.

ನವೆಂಬರ್ 1ರಂದು ಬಾವುಟ ಹಾರಿಸಿ, ಬೇಡ ಎನ್ನುವುದಿಲ್ಲ. ಅದರ ಕೆಳಗೆ ಒಂದು ಮೇಜು ಇಡಿ. ಮೇಜಿನ ಮೇಲೆ ಜನ್ನಾಪುರದಲ್ಲಿ ಬರೆದ ಹತ್ತು ಚಿತ್ರಗಳಿರಲಿ. ಶಾಲೆಯ ಮಕ್ಕಳು ಬಂದು 'ಇದ್ದಿಲು', 'ಅದಿರು', 'ಕಿಟ್ಟ' ಎಂದು ಬೆರಳಿಟ್ಟು ಓದಲಿ. ಎಷ್ಟು ಮಕ್ಕಳು ತಡವರಿಸದೆ ಓದಿದರು ಎಂದು ಲೆಕ್ಕ ಇಡಿ. ಮುಂದಿನ ವರ್ಷ ನಾನು ಬಂದಾಗ ನನಗೆ ಆ ಲೆಕ್ಕ ಕೊಡಿ.